ಕರ್ನಲ್ ಕಟ್ಟಿದ ಊರು, ಊರು ಕಟ್ಟಿದ ಶಾಲೆ

ಶುಕ್ರವಾರ: ಪಚೇಕೊ ಕಣಿವೆ ದಾಟಿ ಟುಲೇರಿಗೆ

ಊರಿನಿಂದ ಬಂದ ತಂದೆ-ತಾಯಿಯರನ್ನು ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತಲಿನ ಕನ್ನಡಿಗರು ಕರೆದೊಯ್ಯುವ ಜಾಗಗಳು ಹೆಚ್ಚೂಕಡಿಮೆ ಒಂದೇ: ಗೋಲ್ಡನ್ ಗೇಟ್ ಸೇತುವೆ, ಯೊಸೆಮಿಟಿ, ಲಿವರ್‌ಮೋರ್‌ನ ದೇವಸ್ಥಾನ. ಮಳವಳ್ಳಿ ತಾಲ್ಲೂಕಿನ ಹಳ್ಳಿಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದ ನನ್ನ ತಂದೆಯವರು ಇವನ್ನೆಲ್ಲ ನೋಡಿ ಮುಗಿಸಿದ ಮೇಲೆ, "ಇಲ್ಲಿ ಬೇಸಾಯ ಮಾಡೋರು ಎಲ್ಲಿರ್ತಾರಪ್ಪ?" ಎಂದು ಕೇಳತೊಡಗಿದರು. ಆ ಪ್ರಶ್ನೆಗೆ ಉತ್ತರವಾಗಿ ಫೆಬ್ರುವರಿ ಕೊನೆಯ ವಾರಾಂತ್ಯದಲ್ಲಿ ಅವರನ್ನು ಕ್ಯಾಲಿಫೋರ್ನಿಯಾದ ನಡುವಿನ ಬೇಸಾಯದ ಬಯಲಾದ ಮಧ್ಯ ಕಣಿವೆಯ (ಸೆಂಟ್ರಲ್ ವ್ಯಾಲಿ) ಅಲೆನ್ಸ್‌ವರ್ತ್‌ಗೆ ಕರೆದೊಯ್ಯುವುದೆಂದು ನಿರ್ಧರಿಸಿದೆವು. ಗುಲಾಮನಾಗಿ ಹುಟ್ಟಿ ಸೈನ್ಯದಲ್ಲಿ ದೊಡ್ಡ ಅಧಿಕಾರಿಯಾದವನೊಬ್ಬ ತನ್ನ ಜನರಿಗಾಗಿ ಕಟ್ಟಿದ ಬೇಸಾಯದ ಊರು ಅದು. ಅಲ್ಲಿ 1912ರಲ್ಲಿ ಕಟ್ಟಿದ ಶಾಲೆ ಇಂದಿಗೂ ನಿಂತಿದೆ ಎಂದು ತಿಳಿದ ಮೇಲೆ ತಂದೆಯವರು ಮತ್ತೇನನ್ನೂ ಕೇಳಲಿಲ್ಲ.

ಮಧ್ಯಾಹ್ನ ಹೊರಟು, ಗಿಲ್ರಾಯ್ ದಾಟಿ 152ನೇ ಹೆದ್ದಾರಿಯಲ್ಲಿ ಪಚೇಕೊ ಕಣಿವೆಯ ಘಟ್ಟದಾರಿಯನ್ನು ಏರಿದೆವು. ಬೇಸಿಗೆಯಲ್ಲಿ ಒಣಹುಲ್ಲಿನ ಬಣ್ಣಕ್ಕೆ ತಿರುಗುವ ಈ ಗುಡ್ಡಗಳು ಮಳೆಗಾಲದ ಕೊನೆಯ ಈ ದಿನಗಳಲ್ಲಿ ಮಾತ್ರ ಮಲೆನಾಡಿನವರೂ ಒಪ್ಪುವಷ್ಟು ಹಸಿರಾಗಿರುತ್ತವೆ. ಕಣಿವೆಯ ಆಚೆ ಬದಿಯಲ್ಲಿ ಸ್ಯಾನ್ ಲೂಯಿಸ್ ಜಲಾಶಯ ಕಾಣಿಸಿತು. ಇಷ್ಟು ನೀರು ಯಾವ ಹೊಳೆಯದೆಂದು ತಂದೆಯವರು ವಿಚಾರಿಸಿದರು. ಇದು ಹೊಳೆಗೆ ಅಡ್ಡಲಾಗಿ ಕಟ್ಟಿ ತುಂಬಿಸಿದ ಅಣೆಕಟ್ಟಲ್ಲ, ಉತ್ತರದ ನದೀಮುಖಜ ಭೂಮಿಯಿಂದ ಕಾಲುವೆಯಲ್ಲಿ ತಂದ ನೀರನ್ನು ಪಂಪು ಮಾಡಿ ಮೇಲೆತ್ತಿ ಕೂಡಿಡುವ ತೊಟ್ಟಿ ಎಂದು ವಿವರಿಸಿದಾಗ ಅವರಿಗೆ ನಂಬಿಕೆಯೇ ಬರಲಿಲ್ಲ. ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದಲ್ಲಿ ನೀರಿಗಾಗಿ ಕಾದು ಬೆಳೆದ ಮನುಷ್ಯನಿಗೆ, ನೀರು ಗುಡ್ಡ ಹತ್ತುತ್ತದೆ ಎಂಬುದು ಸುಲಭವಾಗಿ ಒಪ್ಪುವ ಮಾತಲ್ಲ.

ಕಣಿವೆ ಇಳಿದರೆ ಸಮತಟ್ಟಾದ ನೆಲ, ಅದರ ತುಂಬ ಬಾದಾಮಿ ತೋಟಗಳು. ಹೂವಿನ ಕಾಲ ಫೆಬ್ರುವರಿ ನಡುವಿನಿಂದ ಮಾರ್ಚ್ ಮೊದಲ ವಾರದವರೆಗೆ ಮಾತ್ರ, ಆದ್ದರಿಂದ ಹೂವು ನೋಡಬೇಕೆನ್ನುವವರು ಆ ಲೆಕ್ಕದಲ್ಲಿಯೇ ಹೊರಡಬೇಕು. ರಸ್ತೆಬದಿಯಲ್ಲಿ ಕಾರು ನಿಲ್ಲಿಸಿ ತೋಟದ ಅಂಚಿನಲ್ಲಿ ನಿಂತೆವು. ಎಲೆಯಿನ್ನೂ ಚಿಗುರದ ಗಿಡಗಳಲ್ಲಿ ಬಿಳಿಯ ಹೂವು ಕಿಕ್ಕಿರಿದಿದ್ದವು. ಸಾಲುಗಳ ಕೊನೆಯಲ್ಲಿ ಜೇನುಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟಿದ್ದರು. ಪರಾಗಸ್ಪರ್ಶಕ್ಕಾಗಿ ದೇಶದ ಮೂಲೆಮೂಲೆಗಳಿಂದ ಲಾರಿಗಳಲ್ಲಿ ಬರುವ ಈ ಪೆಟ್ಟಿಗೆಗಳಿಗೆ ರೈತರು ಬಾಡಿಗೆ ಕೊಡುತ್ತಾರೆ. ತಂದೆಯವರು ಕುಕ್ಕರಗಾಲಲ್ಲಿ ಕುಳಿತು ಹನಿ ನೀರಾವರಿಯ ಕೊಳವೆಯನ್ನು ಬೆರಳಿನಿಂದ ಎತ್ತಿ ನೋಡಿ, "ಜೇನಿಗೂ ಬಾಡಿಗೆ, ನೀರಿಗೂ ಬಾಡಿಗೆ" ಎಂದು ನಕ್ಕರು.

ಫ್ರೆಸ್ನೊ ದಾಟಿದ ಮೇಲೆ 99ನೇ ಹೆದ್ದಾರಿಯ ಪಕ್ಕದ ಪೆಟ್ರೋಲ್ ಬಂಕಿನ ಹಿಂದೆ ಪಂಜಾಬಿ ಢಾಬಾ ಒಂದು ಸಿಕ್ಕಿತು. ಈ ಹೆದ್ದಾರಿಯುದ್ದಕ್ಕೂ ಇಂಥ ಢಾಬಾಗಳಿವೆ. ಸಸ್ಯಾಹಾರಿಗಳು ದಾರಿಯ ಊಟಕ್ಕೆ ಚಿಂತೆ ಮಾಡಬೇಕಾಗಿಲ್ಲ. ಮೂಲಂಗಿ ಪರಾಠ, ಮೊಸರು, ಉಪ್ಪಿನಕಾಯಿಯ ಮುಂದೆ ಕುಳಿತಿದ್ದಾಗ ಪಕ್ಕದ ಮೇಜಿನ ಲಾರಿ ಚಾಲಕರು ತಂದೆಯವರನ್ನು ಹಿಂದಿಯಲ್ಲಿ "ಬಾಬೂಜಿ" ಎಂದು ಮಾತಿಗೆಳೆದರು. ಎಂದೋ ಪಾಸು ಮಾಡಿದ ಹಿಂದಿ ಪರೀಕ್ಷೆಗಳೆಲ್ಲ ಆ ಹತ್ತು ನಿಮಿಷಗಳಲ್ಲಿ ತಂದೆಯವರ ಉಪಯೋಗಕ್ಕೆ ಬಂದವು. ಚಾಲಕರು ಕೊಟ್ಟ ಸಲಹೆ ಬೆಲೆಯುಳ್ಳದ್ದಾಗಿತ್ತು: ನಿನ್ನೆ ಮಳೆ ಬಿದ್ದಿದೆ, ಇಂದು ರಾತ್ರಿ ಗಾಳಿಯಿಲ್ಲ, ಬೆಳಿಗ್ಗೆ ಮಂಜು ಮುಸುಕುವುದು ಖಚಿತ, ಆದ್ದರಿಂದ ಹತ್ತು ಗಂಟೆಗೆ ಮೊದಲು ಕಾರು ತೆಗೆಯಬೇಡಿ. ಕತ್ತಲಾಗುವ ಹೊತ್ತಿಗೆ ಟುಲೇರಿಯ ಹೋಟೆಲು ಸೇರಿದೆವು.

ಶನಿವಾರ: ಅಲೆನ್ಸ್‌ವರ್ತ್

ಬೆಳಿಗ್ಗೆ ಕಿಟಕಿ ತೆರೆದರೆ ಎದುರಿನ ಕಾರುಗಳೂ ಕಾಣುತ್ತಿರಲಿಲ್ಲ. ಚಳಿಗಾಲದಲ್ಲಿ ಒದ್ದೆ ನೆಲದಿಂದೇಳುವ ಈ ಮಂಜಿಗೆ ಇಲ್ಲಿಯವರು 'ಟೂಲಿ ಫಾಗ್' ಎನ್ನುತ್ತಾರೆ. 99ನೇ ಹೆದ್ದಾರಿಯಲ್ಲಿ ಹತ್ತಾರು ವಾಹನಗಳು ಒಂದಕ್ಕೊಂದು ಗುದ್ದಿಕೊಂಡ ಅಪಘಾತಗಳಿಗೆ ಇದೇ ಕಾರಣ. ಹತ್ತೂವರೆಯ ಹೊತ್ತಿಗೆ ಸೂರ್ಯ ಬೆಳ್ಳಿ ಬಿಲ್ಲೆಯಂತೆ ಕಾಣಿಸಿಕೊಂಡ ಮೇಲೆ ಹೊರಟೆವು. ಅರ್ಲಿಮಾರ್ಟ್ ಎಂಬಲ್ಲಿ ಹೆದ್ದಾರಿ ಬಿಟ್ಟು ಪಶ್ಚಿಮಕ್ಕೆ ತಿರುಗಬೇಕು. ಪೆಟ್ರೋಲನ್ನೂ ಕುಡಿಯುವ ನೀರನ್ನೂ ಅಲ್ಲಿಯೇ ತುಂಬಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಮುಂದೆ ಅಂಗಡಿಯ ಆಸೆ ಇಟ್ಟುಕೊಳ್ಳುವಂತಿಲ್ಲ. ತೋಟಗಳು ವಿರಳವಾದಂತೆ ನೆಲ ಬೂದುಬಣ್ಣಕ್ಕೆ ತಿರುಗುತ್ತದೆ. ನೀರು ನಿಂತು ಆರಿದ ಕಡೆಯಲ್ಲೆಲ್ಲ ಬಿಳಿಯ ಪದರ ಕಟ್ಟಿರುತ್ತದೆ. ತಂದೆಯವರು ಅದನ್ನು ನೋಡಿದೊಡನೆ, "ಚೌಳು ಭೂಮಿ ಇದು. ಇಲ್ಲಿ ಊರು ಕಟ್ಟಿ ಅಂತ ಹೇಳಿದೋರು ಯಾರು?" ಎಂದರು.

ಊರಿನ ಕಥೆಯೆಲ್ಲ ಆ ಪ್ರಶ್ನೆಯಲ್ಲಿಯೇ ಇದೆ. ಅಲೆನ್ ಅಲೆನ್ಸ್‌ವರ್ತ್ 1842ರಲ್ಲಿ ಕೆಂಟಕಿಯ ಲೂಯಿವಿಲ್‌ನಲ್ಲಿ ಗುಲಾಮನಾಗಿ ಹುಟ್ಟಿದವರು. ಬಾಲ್ಯದಲ್ಲಿ ಓದಲು ಕಲಿತದ್ದೇ ಅಪರಾಧವಾಗಿ ತಾಯಿಯಿಂದ ಬೇರ್ಪಟ್ಟು, ಒಡೆಯರಿಂದ ಒಡೆಯರಿಗೆ ಮಾರಾಟವಾದರು. ಅಂತರ್ಯುದ್ಧದ ಕಾಲದಲ್ಲಿ ತಪ್ಪಿಸಿಕೊಂಡು ಉತ್ತರದ ಸೇನೆಯ ಆಶ್ರಯ ಪಡೆದರು, ಬಳಿಕ ನೌಕಾಪಡೆ ಸೇರಿದರು. ಯುದ್ಧಾನಂತರ ಬ್ಯಾಪ್ಟಿಸ್ಟ್ ಪಾದ್ರಿಯಾಗಿ, 1886ರಲ್ಲಿ ಕಪ್ಪು ಸೈನಿಕರ 24ನೇ ಪದಾತಿ ದಳಕ್ಕೆ ಸೇನಾ ಪಾದ್ರಿಯಾಗಿ ನೇಮಕಗೊಂಡರು. ಅಲ್ಲಿ ಸೈನಿಕರಿಗೆ ಅಕ್ಷರ ಕಲಿಸುವುದನ್ನೇ ಮುಖ್ಯ ಕೆಲಸ ಮಾಡಿಕೊಂಡರು. 1906ರಲ್ಲಿ ಲೆಫ್ಟಿನೆಂಟ್ ಕರ್ನಲ್ ಆಗಿ ನಿವೃತ್ತರಾದಾಗ, ಅಮೆರಿಕದ ಸೇನೆಯಲ್ಲಿ ಆ ಪದವಿಗೇರಿದ ಮೊದಲ ಆಫ್ರಿಕನ್ ಅಮೆರಿಕನ್ ಅವರೇ ಆಗಿದ್ದರು. ಲಾಸ್ ಏಂಜಲೀಸ್‌ಗೆ ಬಂದು ನೆಲೆಸಿದ ಮೇಲೆ ಶಿಕ್ಷಕ ವಿಲಿಯಂ ಪೇನ್ ಮತ್ತಿತರ ಸಂಗಡಿಗರೊಡನೆ 1908ರಲ್ಲಿ ಸಂಘವೊಂದನ್ನು ಕಟ್ಟಿದರು. ಕಪ್ಪು ಜನರಿಗೆ ಒಳ್ಳೆಯ ಜಮೀನು ಮಾರುವವರು ವಿರಳವಾಗಿದ್ದ ಕಾಲದಲ್ಲಿ ಪೆಸಿಫಿಕ್ ಫಾರ್ಮಿಂಗ್ ಕಂಪನಿ ಸೊಲಿಟೊ ಎಂಬ ರೈಲು ನಿಲುಗಡೆಯ ಬಳಿ ಜಮೀನು ಕೊಡಲು ಮುಂದೆ ಬಂತು. ನೀರಿಗೂ ಮಾತು ಕೊಟ್ಟಿತು. ತಾವೇ ಆಳುವ, ತಾವೇ ದುಡಿದು ಉಣ್ಣುವ ಊರೊಂದು ಎದ್ದು ನಿಂತರೆ ಕಪ್ಪು ಜನರನ್ನು ಕೀಳಾಗಿ ಕಾಣುವ ದೇಶದ ಬಾಯಿ ಮುಚ್ಚುತ್ತದೆ ಎಂಬುದು ಕರ್ನಲ್‌ರ ಲೆಕ್ಕಾಚಾರವಾಗಿತ್ತು.

ಇಂದು ಆ ಹಳೆಯ ಊರು ರಾಜ್ಯ ಸರ್ಕಾರದ ಐತಿಹಾಸಿಕ ಉದ್ಯಾನವಾಗಿದೆ. ಉದ್ಯಾನವೆಂದರೆ ಹೂಗಿಡಗಳನ್ನು ನಿರೀಕ್ಷಿಸಬಾರದು. ವಿಶಾಲವಾದ ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು ಮರದ ಮನೆ, ಅಂಗಡಿ, ಚರ್ಚು, ನಡುವೆ ಮಣ್ಣಿನ ರಸ್ತೆಗಳು, ಒಂದು ಅಂಚಿನಲ್ಲಿ ರೈಲು ಹಳಿ. ರಸ್ತೆಗಳಿಗೆ ಗುಲಾಮಗಿರಿಯ ವಿರುದ್ಧ ಹೋರಾಡಿದ ಸೋಜರ್ನರ್ ಟ್ರೂತ್, ಕವಿ ಪಾಲ್ ಲಾರೆನ್ಸ್ ಡನ್‌ಬಾರ್ ಮೊದಲಾದವರ ಹೆಸರುಗಳಿವೆ. ಕಟ್ಟಡಗಳಲ್ಲಿ ಹೆಚ್ಚಿನವನ್ನು ಹಳೆಯ ಚಿತ್ರ ಮತ್ತು ನೆನಪುಗಳ ಆಧಾರದಿಂದ ಮತ್ತೆ ಕಟ್ಟಿದ್ದಾರೆ. ಶಾಲೆ ಹಾಗಲ್ಲ, ಅದು ಅಂದಿನದೇ. ಸಾಮಾನ್ಯ ದಿನಗಳಲ್ಲಿ ಬಾಗಿಲುಗಳು ಮುಚ್ಚಿದ್ದು ಕಿಟಕಿಯಿಂದ ಇಣುಕಬೇಕಾಗುತ್ತದೆ. ಒಳಗೆ ಹೋಗಬೇಕೆಂದರೆ ಮೊದಲೇ ಫೋನು ಮಾಡಿ ಮಾರ್ಗದರ್ಶಕರು ಇರುವ ದಿನವನ್ನು ಗೊತ್ತುಮಾಡಿಕೊಳ್ಳಬೇಕು. ನಮಗೆ ಸಿಕ್ಕಿದವರು ಎಪ್ಪತ್ತರ ಆಸುಪಾಸಿನ ಸ್ವಯಂಸೇವಕಿ, ನಿಧಾನವಾಗಿ ನಡೆಯುತ್ತ, ಕೇಳಿದ್ದಕ್ಕಿಂತ ಹೆಚ್ಚೇ ಹೇಳುವವರು.

ಮಳೆಗೆ ನೆನೆದ ಜೇಡಿಮಣ್ಣು ನೂರು ಹೆಜ್ಜೆಯೊಳಗೆ ನಮ್ಮೆಲ್ಲರ ಪಾದರಕ್ಷೆಗಳಿಗೆ ಎರಡನೆಯ ಅಟ್ಟೆ ಕಟ್ಟಿತು. ನನ್ನ ಹೆಂಡತಿಯ ಒಂದು ಶೂ ಕೆಸರಿನಲ್ಲಿಯೇ ಉಳಿದು, ಬರಿಯ ಕಾಲುಚೀಲದಲ್ಲಿ ಒಂಟಿಕಾಲಿನಲ್ಲಿ ನಿಂತ ಅವಳನ್ನು ಹಿಡಿದುಕೊಂಡು ನಾನು ಅದನ್ನು ಕಿತ್ತು ತೆಗೆಯಬೇಕಾಯಿತು. ಮಳೆಯಾದ ವಾರದಲ್ಲಿ ಹೋಗುವವರು ಹಳೆಯ ಬೂಟನ್ನೇ ಹಾಕಿಕೊಂಡು ಹೋಗಲಿ.

ಮೊದಲು ಗ್ರಂಥಾಲಯಕ್ಕೆ ಹೋದೆವು. ಕರ್ನಲ್‌ರ ಹೆಂಡತಿ ಜೋಸೆಫೀನ್ ತಮ್ಮ ತಾಯಿ ಮೇರಿ ಡಿಕಿನ್ಸನ್ ಅವರ ನೆನಪಿಗೆ ಜಾಗವನ್ನೂ 500 ಡಾಲರ್ ಹಣವನ್ನೂ ಕೊಟ್ಟು ಕಟ್ಟಿಸಿದ ಈ ಗ್ರಂಥಾಲಯ 1913ರ ಜುಲೈ 4ರಂದು ಬಾಗಿಲು ತೆರೆಯಿತು. ಕರ್ನಲ್ ತಮ್ಮ ಸ್ವಂತ ಪುಸ್ತಕಗಳನ್ನು ಇದಕ್ಕೆ ಕೊಟ್ಟರು. ಓದಿದ್ದಕ್ಕಾಗಿ ಮಾರಾಟವಾದ ಮನುಷ್ಯ ತನ್ನ ಊರಿನಲ್ಲಿ ಗ್ರಂಥಾಲಯಕ್ಕೆ ಎಷ್ಟು ಮಹತ್ವ ಕೊಟ್ಟಿರಬಹುದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ನಮ್ಮ ಮಾರ್ಗದರ್ಶಕಿಯೂ ಅದನ್ನು ಹೇಳಲಿಲ್ಲ, ಕಪಾಟುಗಳನ್ನು ತೋರಿಸಿ ಸುಮ್ಮನಾದರು.

ಶಾಲೆ ಊರಿನ ಬಯಲಿನಲ್ಲಿ ತುಸು ದೂರದಿಂದಲೇ ಕಾಣುತ್ತದೆ. ಮರದ ಹಲಗೆಯ ಗೋಡೆ, ಎತ್ತರದ ಕಿಟಕಿಗಳು, ಮೇಲೆ ಗಂಟೆಯ ಪುಟ್ಟ ಗೋಪುರ, ಮುಂದೆ ಮೆಟ್ಟಿಲು. ಮೊದಲಿದ್ದ ಚಿಕ್ಕ ಶಾಲೆಗೆ ಮಕ್ಕಳು ಹಿಡಿಸದಾದಾಗ 1912ರಲ್ಲಿ 5,000 ಡಾಲರ್ ವೆಚ್ಚದಲ್ಲಿ ಇದನ್ನು ಕಟ್ಟಿದರು. ಆಗಷ್ಟೇ ಜಮೀನು ಕೊಂಡು, ಮನೆ ಕಟ್ಟಿ, ಮೊದಲ ಬೆಳೆಗಳ ನಿರೀಕ್ಷೆಯಲ್ಲಿದ್ದ ಸಂಸಾರಗಳಿಗೆ ಅದು ಸಣ್ಣ ಮೊತ್ತವಾಗಿರಲಿಲ್ಲ. ವಿಲಿಯಂ ಪೇನ್ ಅವರೇ ಇಲ್ಲಿ ಪಾಠ ಮಾಡಿದರು. ಹಗಲು ಮಕ್ಕಳ ಶಾಲೆಯಾಗಿದ್ದುದು ಸಂಜೆಯಾದರೆ ಊರಿನ ಸಭಾಂಗಣವಾಗುತ್ತಿತ್ತು: ಚರ್ಚಾಕೂಟ, ನಾಟಕ, ಹಾಡಿನ ತಂಡ, ಮಹಿಳೆಯರ ಸಂಘ, ನೀರಿನ ಜಗಳದ ಪಂಚಾಯಿತಿ ಎಲ್ಲವೂ ಇಲ್ಲಿಯೇ.

ಮೆಟ್ಟಿಲ ಬಳಿ ತಂದೆಯವರು ಕೆಸರಿನ ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಒಳಗೆ ಹೋದರು. ಮಾರ್ಗದರ್ಶಕಿ ಬೇಡವೆಂದರೂ ಕೇಳಲಿಲ್ಲ. ಸಾಲಾಗಿ ಜೋಡಿಸಿದ ಮರದ ಡೆಸ್ಕುಗಳ ನಡುವೆ ಹಾದು ನೇರವಾಗಿ ಕೊನೆಯ ಸಾಲಿಗೆ ನಡೆದು, ಮಕ್ಕಳ ಅಳತೆಯ ಪೀಠದಲ್ಲಿ ಮೊಣಕಾಲು ಮಡಚಿ ಕುಳಿತು, ಅಲ್ಲಿಂದ ಕರಿಹಲಗೆ ಕಾಣುತ್ತದೆಯೇ ಎಂದು ನೋಡಿದರು. ಬಳಿಕ ಎದ್ದು ಬಂದು, ಹಾಜರಿ ಪುಸ್ತಕ ಉಳಿದಿದೆಯೇ, ಕೊಯ್ಲಿನ ಕಾಲದಲ್ಲಿ ಮಕ್ಕಳು ಬರುತ್ತಿದ್ದರೇ ಎಂದು ಒಂದೊಂದಾಗಿ ಕೇಳತೊಡಗಿದರು, ನಾನು ಅನುವಾದಿಸುತ್ತಿದ್ದೆ.

"ನಿಮ್ಮ ತಂದೆಯವರು ಎಷ್ಟು ವರ್ಷ ಮೇಷ್ಟರಾಗಿದ್ದರು?" ಎಂದು ಮಾರ್ಗದರ್ಶಕಿ ನನ್ನನ್ನು ಕೇಳಿದರು. ಅವರು ಮೇಷ್ಟರೆಂದು ನಾನಿನ್ನೂ ಹೇಳಿರಲಿಲ್ಲ.

"ಮೂವತ್ನಾಲ್ಕು," ಎಂದು ಇಂಗ್ಲಿಷಿನಲ್ಲಿ ತಂದೆಯವರೇ ಉತ್ತರಿಸಿ, ನನ್ನ ಕಡೆ ತಿರುಗಿ, "ನಮ್ಮ ಶಾಲೆಗೂ ಊರೋರೇ ಜಾಗ ಬಿಟ್ಟುಕೊಟ್ಟು, ಕಲ್ಲು ಹೊತ್ತು ಕಟ್ಟಿದ್ದು ಅಂತ ಹೇಳು ಅವರಿಗೆ," ಎಂದರು.

ಹಳಿಯ ಮೇಲೆ ಸರಕು ರೈಲೊಂದು ಹೋಗತೊಡಗಿದ್ದರಿಂದ ಆ ಮಾತನ್ನು ಹೇಳಲು ಕಾಯಬೇಕಾಯಿತು. ಬಹಳ ಉದ್ದದ ರೈಲು. ಕಿಟಕಿಯ ಗಾಜುಗಳು ಅದುರುತ್ತಿದ್ದವು. ಅದು ಹೋದ ಮೇಲೆ ನಾನು ಹೇಳಿದ್ದನ್ನು ಕೇಳಿಸಿಕೊಂಡ ಮಾರ್ಗದರ್ಶಕಿ ಹಳಿಯ ಕಡೆ ಕೈ ತೋರಿಸಿ, ಊರು ಕುಸಿದ ಬಗೆಯನ್ನು ವಿವರಿಸಿದರು.

ಮೊದಲ ವರ್ಷಗಳಲ್ಲಿ ಸುತ್ತಲಿನ ಬೆಳೆಯೆಲ್ಲ ಈ ನಿಲ್ದಾಣದಿಂದಲೇ ಸಾಗುತ್ತಿದ್ದುದರಿಂದ ಊರಿಗೆ ಒಳ್ಳೆಯ ವ್ಯಾಪಾರವಿತ್ತು. 1914ರಲ್ಲಿ ಸಾಂಟಾ ಫೆ ರೈಲ್ವೆ ನೆರೆಯ ಆಲ್ಪಾ ಊರಿಗೆ ಕವಲು ಹಳಿ ಹಾಕಿತು, ವ್ಯಾಪಾರ ಅತ್ತ ಹೋಯಿತು. ಅದೇ ವರ್ಷ ಸೆಪ್ಟೆಂಬರ್ 14ರಂದು ಮನ್ರೋವಿಯಾದಲ್ಲಿ ಚರ್ಚಿಗೆ ಉಪದೇಶ ಮಾಡಲು ಹೋಗಿದ್ದ ಕರ್ನಲ್, ರಸ್ತೆ ದಾಟುವಾಗ ಮೋಟಾರ್‌ಸೈಕಲ್ ಬಡಿದು ತೀರಿಕೊಂಡರು. ಅಲಬಾಮಾದಲ್ಲಿ ಕಪ್ಪು ಜನರಿಗಾಗಿದ್ದ ಟಸ್ಕೀಗಿ ವಿದ್ಯಾಸಂಸ್ಥೆಯ ಮಾದರಿಯಲ್ಲಿ ಇಲ್ಲೊಂದು ವೃತ್ತಿಶಿಕ್ಷಣ ಸಂಸ್ಥೆ ತರಬೇಕೆಂಬ ಅವರ ಕನಸಿಗೆ 1915ರಲ್ಲಿ ರಾಜ್ಯದ ಶಾಸನಸಭೆಯಲ್ಲಿ ಒಪ್ಪಿಗೆ ಸಿಗಲಿಲ್ಲ. ವಿರೋಧಿಸಿದವರಲ್ಲಿ ಲಾಸ್ ಏಂಜಲೀಸ್‌ನ ಕಪ್ಪು ಜನರೂ ಇದ್ದರು. ತಮ್ಮವರಿಗೆಂದೇ ಬೇರೆ ಶಾಲೆ ಕಟ್ಟಿದರೆ ಪ್ರತ್ಯೇಕತೆಗೆ ತಾವೇ ಮುದ್ರೆ ಒತ್ತಿದಂತಾಗುತ್ತದೆ ಎಂಬ ಅವರ ಭಯವನ್ನು ಅಲ್ಲಗಳೆಯುವುದು ಸುಲಭವಲ್ಲ.

ಕರ್ನಲ್ ಬದುಕಿದ್ದರೆ ಊರು ಉಳಿಯುತ್ತಿತ್ತು ಎಂಬ ಮಾತನ್ನು ಹಲವರು ಹೇಳುತ್ತಾರೆ. ನನಗೆ ಹಾಗೆನಿಸುವುದಿಲ್ಲ. ಊರು ಸೋತದ್ದು ನೀರಿಗೆ. ಕಂಪನಿ ಭರವಸೆ ಕೊಟ್ಟಷ್ಟು ನೀರನ್ನು ಎಂದೂ ಕೊಡಲಿಲ್ಲ. ಹೋರಾಟದ ನಂತರ ನೀರಿನ ವ್ಯವಸ್ಥೆ ಊರಿನವರ ಕೈಗೆ ಬಂದಾಗ, ಅದರೊಡನೆ ಸವೆದ ಯಂತ್ರಗಳೂ ಬಾಕಿಯ ಹೊರೆಯೂ ಬಂದವು. ಅಷ್ಟರಲ್ಲಿ ಅಂತರ್ಜಲವೂ ಕೆಳಗಿಳಿಯತೊಡಗಿತ್ತು. ರೈಲು, ನೀರು, ಜಮೀನಿನ ಮಾರಾಟ ಮೂರೂ ಹೊರಗಿನವರ ಕೈಯಲ್ಲಿದ್ದವು. ಊರಿನ ಕೈಯಲ್ಲಿ ನಿಜವಾಗಿ ಇದ್ದದ್ದು ಶಾಲೆ, ಗ್ರಂಥಾಲಯ, ಮತ್ತು 1914ರಲ್ಲಿ ಸಿಕ್ಕ ಒಂದು ನ್ಯಾಯಾಧಿಕಾರ. ಆ ವರ್ಷ ಇಲ್ಲಿ ಸ್ಥಳೀಯ ಸಣ್ಣ ವ್ಯಾಜ್ಯಗಳನ್ನು ತೀರ್ಮಾನಿಸುವ ಶಾಂತಿಪಾಲಕ ನ್ಯಾಯಾಧೀಶರಾಗಿ (ಜಸ್ಟಿಸ್ ಆಫ್ ದಿ ಪೀಸ್) ಆಯ್ಕೆಯಾದ ಆಸ್ಕರ್ ಓವರ್, ಕ್ಯಾಲಿಫೋರ್ನಿಯಾದಲ್ಲಿ ಆ ಹುದ್ದೆಗೆ ಚುನಾಯಿತರಾದ ಮೊದಲ ಆಫ್ರಿಕನ್ ಅಮೆರಿಕನ್.

ಜನ ಒಬ್ಬೊಬ್ಬರಾಗಿ ನಗರಗಳಿಗೆ ಹೊರಟುಹೋದರು. 1966ರಲ್ಲಿ ಬಾವಿಯ ನೀರಿನಲ್ಲಿ ಆರ್ಸೆನಿಕ್ ವಿಷ ಪತ್ತೆಯಾದಾಗ ಉಳಿದವರಿಗೂ ದಿಕ್ಕು ತೋಚದಾಯಿತು. ಆದರೆ ಶಾಲೆ 1972ರವರೆಗೆ ನಡೆಯಿತು. ಕಟ್ಟಡ ಉಳಿದದ್ದಕ್ಕೆ ದೊಡ್ಡ ಕಾರಣ ಇದೇ ಎಂದು ನನ್ನ ಅಭಿಪ್ರಾಯ: ಸೂರಿನ ಕೆಳಗೆ ಮಕ್ಕಳಿದ್ದ ತನಕ ಸೂರು ಸೋರದಂತೆ ನೋಡಿಕೊಳ್ಳುವವರೂ ಇದ್ದರು. ಅಷ್ಟರಲ್ಲಿ, ಬಾಲ್ಯದಲ್ಲಿ ಇಲ್ಲಿಯೇ ಬೆಳೆದು ಮುಂದೆ ರಾಜ್ಯದ ಉದ್ಯಾನ ಇಲಾಖೆಯಲ್ಲಿ ನಕ್ಷೆಗಾರರಾಗಿ ಸೇರಿದ್ದ ಕಾರ್ನೀಲಿಯಸ್ ಪೋಪ್ ಎಂಬವರು ಊರನ್ನು ಉಳಿಸಬೇಕೆಂದು ಬೆನ್ನುಹತ್ತಿದ್ದರು. ಸರ್ಕಾರ 1974ರಲ್ಲಿ ಜಾಗ ಕೊಂಡಿತು, 1976ರಲ್ಲಿ ಉದ್ಯಾನ ಉದ್ಘಾಟನೆಯಾಯಿತು.

ಊಟಕ್ಕೆ ಕಟ್ಟಿಕೊಂಡು ಹೋಗಿದ್ದ ಚಪಾತಿ, ಹುಚ್ಚೆಳ್ಳು ಚಟ್ನಿಪುಡಿ, ಮೊಸರನ್ನವನ್ನು ಅಲ್ಲಿಯ ಮೇಜಿನ ಮೇಲೆ ಬಿಚ್ಚಿದೆವು. ಮಾರ್ಗದರ್ಶಕಿಯವರಿಗೆ ಚಪಾತಿ ಹಿಡಿಸಿತು. ಚಟ್ನಿಪುಡಿಯ ಬಗ್ಗೆ ಅವರು ಸೌಜನ್ಯದಿಂದ ಏನೂ ಹೇಳಲಿಲ್ಲ. ಸಂಜೆ ಟುಲೇರಿಯ ಮೆಕ್ಸಿಕನ್ ಹೋಟೆಲಿನಲ್ಲಿ ಹುರುಳಿಕಾಯಿ ಬೀಜದ ಬುರಿಟೊ ತಿಂದೆವು. ಇಂಥ ಕಡೆ ಬೀನ್ಸನ್ನು ಹಂದಿಯ ಕೊಬ್ಬಿನಲ್ಲಿ ಬೇಯಿಸುವ ರೂಢಿಯುಂಟು, ಸಸ್ಯಾಹಾರಿಗಳು ಕೇಳಿಯೇ ಹೇಳಬೇಕು.

ಭಾನುವಾರ: ಇಂದಿನ ಅಲೆನ್ಸ್‌ವರ್ತ್, ಕೆರೆಯಂಚು, ವಾಪಸು

ಉದ್ಯಾನದ ಗಡಿಯ ಆಚೆ ಇಂದಿಗೂ ಜನವಸತಿಯಿರುವ ಅಲೆನ್ಸ್‌ವರ್ತ್ ಇದೆ. ಬಂದವರಲ್ಲಿ ಹೆಚ್ಚಿನವರು ಅದನ್ನು ನೋಡದೆ ಹೋಗುತ್ತಾರೆ. ಕೆಲವೇ ನೂರು ಜನರ ಊರು, ಬಹುಪಾಲು ಮೆಕ್ಸಿಕೊ ಮೂಲದ ಕೃಷಿ ಕಾರ್ಮಿಕರು. ಭಾನುವಾರ ಮಂಜು ಬೇಗ ಕರಗಿದ್ದರಿಂದ ಊರಿನ ಅಂಚಿನ ಮಣ್ಣುರಸ್ತೆಯಲ್ಲಿ ಹೊರಟೆವು. ಎದುರು ಬಂದ ಟ್ರಾಕ್ಟರಿಗೆ ದಾರಿ ಬಿಡಲು ಬದಿಗೆ ಸರಿದಾಗ ಕಾರಿನ ಬಲಚಕ್ರ ಮೆತ್ತಗೆ ಕೆಸರಿಗಿಳಿಯಿತು. ತಂದೆಯವರು ಕೆಳಗಿಳಿದು ಒಣಗಿದ ಕಳೆಗಿಡಗಳನ್ನು ಕಿತ್ತು ಚಕ್ರದಡಿ ತುರುಕುತ್ತಿದ್ದಾಗಲೇ ಪಿಕಪ್ ಗಾಡಿಯ ಯುವಕನೊಬ್ಬ ಬಂದು, ಮಾತಿಲ್ಲದೆ ಪಟ್ಟಿ ಕಟ್ಟಿ ನಮ್ಮನ್ನು ಎಳೆದು ಮೇಲೆ ಹಾಕಿದ. ಹಣ ಮುಟ್ಟಲಿಲ್ಲ, ಕಿತ್ತಳೆಹಣ್ಣು ತೆಗೆದುಕೊಂಡ.

2023ರ ಮಾರ್ಚ್‌ನಲ್ಲಿ ಈ ರಸ್ತೆಯೇ ಕಾಣುತ್ತಿರಲಿಲ್ಲ ಎಂದು ಅವನು ಹೇಳಿದ. ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕೆ ಒಂದು ಕಾಲದಲ್ಲಿ ಅತಿ ದೊಡ್ಡದಾಗಿದ್ದ ಸಿಹಿನೀರಿನ ಟುಲೇರಿ ಸರೋವರವನ್ನು ಬೇಸಾಯಕ್ಕಾಗಿ ಬತ್ತಿಸಿ ಹತ್ತಿ ಬೆಳೆದ ನೆಲ ಇದು. ಆ ವರ್ಷದ ಅತಿಮಳೆಗೆ ಸರೋವರ ಮತ್ತೆ ತಲೆಯೆತ್ತಿ ಲಕ್ಷ ಎಕರೆಗೂ ಹೆಚ್ಚು ಹೊಲವನ್ನು ನುಂಗಿತು. ಊರು ಖಾಲಿ ಮಾಡಿ ಎಂಬ ಆದೇಶ ಬಂದರೂ ಹಲವರು ಉಳಿದು, ಸಲಿಕೆ ಹಿಡಿದು, ಮರಳುಚೀಲ ತುಂಬಿ ಏರಿಯನ್ನು ಎತ್ತರಿಸಿದರು. ನೀರು ಹೊಲದಲ್ಲಿ ನಿಂತಿದ್ದಾಗಲೂ ಕುಡಿಯಲು ಬಾಟಲಿಯನ್ನೇ ಕೊಳ್ಳುತ್ತಿದ್ದೆವು, ಬಾವಿಯ ಆರ್ಸೆನಿಕ್ ಇನ್ನೂ ಹೋಗಿಲ್ಲವಲ್ಲ, ಎಂದು ಹೇಳಿ ಅವನು ಗಾಡಿ ಹತ್ತಿದ. ತಂದೆಯವರು ಪಾವಗಡದ ಫ್ಲೋರೈಡ್ ನೀರನ್ನು ನೆನೆದು, ಕಾರಿನಲ್ಲಿ ಬಹಳ ಹೊತ್ತು ಅದೇ ವಿಷಯ ಮಾತನಾಡಿದರು.

ಆಲ್ಪಾ ಮತ್ತು ಕಾರ್ಕೊರನ್ ಮಾರ್ಗವಾಗಿ ಐದನೇ ಹೆದ್ದಾರಿ ಸೇರಿ ಸಂಜೆಗೆ ಮನೆ ತಲುಪಿದೆವು. ದೂರದವರಿಗೆ ಕಾರೊಂದೇ ದಾರಿಯೆಂದೇನಿಲ್ಲ. ಮಧ್ಯ ಕಣಿವೆಯುದ್ದಕ್ಕೂ ಓಡುವ ಆಮ್‌ಟ್ರಾಕ್ ಪ್ರಯಾಣಿಕ ರೈಲು ಅಲೆನ್ಸ್‌ವರ್ತ್ ಮುಂದೆಯೇ ಹಾದುಹೋಗುತ್ತದೆ. ಉಳಿದ ದಿನಗಳಲ್ಲಿ ನಿಲ್ಲುವುದಿಲ್ಲ, ಉದ್ಯಾನದ ಹಬ್ಬಗಳಂದು ಮುಂಚಿತ ಏರ್ಪಾಟಿನ ಮೇರೆಗೆ ನಿಲ್ಲುತ್ತದೆ. ಅಕ್ಟೋಬರ್‌ನಲ್ಲಿ ನಡೆಯುವ ಪುನರರ್ಪಣೆಯ ದಿನ ಎಲ್ಲ ಕಟ್ಟಡಗಳ ಬಾಗಿಲು ತೆರೆದು, ಅಂದಿನ ಉಡುಗೆಯಲ್ಲಿ ಜನ ನಿಂತು ಕಥೆ ಹೇಳುತ್ತಾರಂತೆ. ಊರಿಗೆ ಹೊರಡುವ ದಿನವನ್ನು ನವೆಂಬರ್‌ಗೆ ಮುಂದೂಡಬಹುದೇ ಎಂದು ತಂದೆಯವರು ಈಗ ಟಿಕೆಟಿನ ಷರತ್ತುಗಳನ್ನು ಓದುತ್ತಿದ್ದಾರೆ.